ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರ

ನಾನು ಒಂದು ವಾಯರ್ ಬುಟ್ಟಿ. ಪ್ಲಾಸ್ಟಿಕ್ ವಾಯರಿನಿಂದ ಕೈಯಲ್ಲಿ ಹೆಣೆದದ್ದು. ಎರಡು ಹಿಡಿಕೆ, ಚೌಕನೆಯ ತಳ. ಬಸ್ಸಿನಲ್ಲಿ ಸೀಟಿನ ಕೆಳಗೆ, ಆಸ್ಪತ್ರೆಯಲ್ಲಿ ಮಂಚದ ಕೆಳಗೆ ನೀವು ದಿನಾ ನೋಡುವುದು ನಮ್ಮವರನ್ನೇ. ಆದ್ದರಿಂದ ನನ್ನ ರೂಪವನ್ನು ಹೆಚ್ಚು ವರ್ಣಿಸುವುದಿಲ್ಲ. ನನ್ನ ಹೊಟ್ಟೆಯುರಿಯನ್ನು ಮಾತ್ರ ಹೇಳಿಕೊಳ್ಳುತ್ತೇನೆ.

ನಾನು ಹುಟ್ಟಿದ್ದು ಗದಗಿನ ಪಕ್ಕದ ಬೆಟಗೇರಿಯಲ್ಲಿ, ಶಿವಗಂಗವ್ವ ಎಂಬಾಕೆಯ ಪಡಸಾಲೆಯಲ್ಲಿ. ಬುಟ್ಟಿಗೆ ತಳ ಹೆಣೆಯುವುದೇ ಕಷ್ಟ. ತಳ ಓರೆಯಾದರೆ ಬುಟ್ಟಿ ಸಾಯುವವರೆಗೂ ಓರೆ. ಶಿವಗಂಗವ್ವನಿಗೆ ಎದುರುಮನೆಯವಳ ಜೊತೆ ಮಾತು ಮುಗಿಯುತ್ತಿರಲಿಲ್ಲ. ಮಾತಿನ ನಡುವೆ ಒಂದು ಗಂಟು ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಬಿಚ್ಚುತ್ತಿದ್ದಳು. ಹೀಗೆ ನಾಲ್ಕು ಸಲ ನನ್ನನ್ನು ಬಿಚ್ಚಿ ಐದನೆಯ ಸಲ ಕಟ್ಟಿದಳು. ಆರು ತಿಂಗಳು ಗೋಡೆಯ ಮೊಳೆಗೆ ನೇತಾಡಿದೆ. ಆಮೇಲೆ ಒಂದು ದಿನ ಕಸ್ತೂರಿ ಬಂದು ನನ್ನನ್ನು ಕೊಂಡಳು.

ಕಸ್ತೂರಿಗೆ ಆಗ ಮೂವತ್ತೇಳು ವರ್ಷ. ಅವಳ ಗಂಡ ಡಾಕ್ಟರ್ ಮಹಾರುದ್ರ ಕಡ್ಲಿಮಟ್ಟಿ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವವರು. ಅವರಿಗೆ ಗ್ರೆನಡಾ ಎಂಬ ದ್ವೀಪದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ಅದು ಕೆರಿಬಿಯನ್ ಸಮುದ್ರದಲ್ಲಿದೆ. ಮರುದಿನ ವಿಮಾನ; ಪೆಟ್ಟಿಗೆಗಳ ತೂಕ ಆಗಲೇ ಮೀರಿತ್ತು. ಉಳಿದ ಐದು ಕಿಲೋ ಜೋಳದ ಹಿಟ್ಟನ್ನು ನನ್ನ ಹೊಟ್ಟೆಗೆ ತುಂಬಿದರು. ಮೂರು ವಿಮಾನ ನಿಲ್ದಾಣಗಳಲ್ಲಿ ಮೂರು ಮಂದಿ ಅಧಿಕಾರಿಗಳು ಆ ಹಿಟ್ಟನ್ನು ಮೂಸಿ ನೋಡಿ ಸೀನಿದರು. ಪ್ರತಿ ಸಲವೂ ಕಸ್ತೂರಿ, "ರೊಟ್ಟಿ ಹಿಟ್ಟ್ರೀ, ರೊಟ್ಟಿ!" ಎಂದು ಎರಡೂ ಕೈ ತಟ್ಟಿ ತೋರಿಸಿದಳು.

ಗ್ರೆನಡಾದಲ್ಲಿ ಅವರ ಬಾಡಿಗೆ ಮನೆ ಗುಡ್ಡದ ಮೇಲಿತ್ತು. ಮನೆಯೊಡತಿಯ ಹತ್ತಿರ ಅಡುಗೆ ಮಾಡಿಕೊಂಡಿದ್ದ ಮುದುಕಿಯ ಹೆಸರು ಥೆಲ್ಮಾ. ಎತ್ತರದ ಆಳು, ದೊಡ್ಡ ಕೈ, ದೊಡ್ಡ ದನಿ. ಕಸ್ತೂರಿ ಅವಳನ್ನು ಮೂರನೆಯ ದಿನಕ್ಕೇ ಥೆಲ್ಮವ್ವ ಎಂದು ಕರೆದಳು. ಥೆಲ್ಮವ್ವನ ಮಾತು ದ್ವೀಪದ ಇಂಗ್ಲಿಷು. ಅಡುಗೆಮನೆಯ ಮೂಲೆಯಲ್ಲಿ ಕೂತು ಕೇಳಿ ಕೇಳಿ ನನಗೆ ಅರ್ಥವಾದಂತೆ ಇಲ್ಲಿ ಹೇಳುತ್ತೇನೆ.

ಆ ವರ್ಷವೇ ಕಸ್ತೂರಿ ಬಸಿರಾದಳು. ಮದುವೆಯಾಗಿ ಹದಿನೈದು ವರ್ಷದ ಮೇಲೆ ಬಂದ ಬಸಿರು. ಐದನೆಯ ತಿಂಗಳಲ್ಲಿ ಹೋಯಿತು. ಡಾಕ್ಟರರು ನಾಲ್ಕು ದಿನ ರಜೆ ಹಾಕಿ ಮಂಚದ ಪಕ್ಕ ಪುಸ್ತಕ ಹಿಡಿದು ಕೂತರು. ಹನ್ನೊಂದು ದಿನ ಕಸ್ತೂರಿಗೆ ಬಿಸಿನೀರು ಹಾಕಿದ್ದು, ಸೊಂಟ ತಿಕ್ಕಿದ್ದು, ಬಾಯಿಗೆ ಗಂಜಿ ಇಟ್ಟದ್ದು ಥೆಲ್ಮವ್ವ. ಹನ್ನೊಂದನೆಯ ದಿನ ಕಸ್ತೂರಿ ಮೊದಲ ಸಲ ಜೋರಾಗಿ ಅತ್ತಳು. ಥೆಲ್ಮವ್ವ, "ಹ್ಞಾಂ, ಈಗ ಸರಿಹೋಯಿತು" ಎಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

ವರ್ಷ ಕಳೆಯುವುದರೊಳಗೆ ಥೆಲ್ಮವ್ವ ಕೆಲಸ ಬಿಟ್ಟು ತನ್ನ ಹುಟ್ಟೂರಿಗೆ ಹೊರಟಳು. ಅದು ಪಕ್ಕದ ದ್ವೀಪ, ಹೆಸರು ಕ್ಯಾರಿಯಕೂ. ಹೋಗುವಾಗ ಹೇಳಿದಳು: "ಒಂದು ದಿನ ಬಂದು ನನ್ನ ಮನೆಯಲ್ಲಿ ಊಟ ಮಾಡಿ ಹೋಗಿ. ಬೆಳಿಗ್ಗೆ ಬೋಟು, ಸಂಜೆ ಬೋಟು. ಒಂದೇ ದಿನದ ಕೆಲಸ."

ಆ ಒಂದೇ ದಿನದ ಕೆಲಸಕ್ಕೆ ಮೂರು ವರ್ಷ ಹಿಡಿಯಿತು. ನನ್ನ ಹೊಟ್ಟೆಯುರಿ ಇಲ್ಲಿಂದ ಶುರು.

ಡಾಕ್ಟರರು ಯೋಜನೆಯ ಮನುಷ್ಯ. ಮೊದಲ ಸಲ ಅವರು ಗೆರೆ ಹಾಳೆಯ ಮೇಲೆ ಪಟ್ಟಿ ಬರೆದರು. ಆರು ಹತ್ತಕ್ಕೆ ಮನೆ ಬಿಡುವುದು. ಆರು ಇಪ್ಪತ್ತೈದಕ್ಕೆ ವ್ಯಾನು. ಏಳಕ್ಕೆ ಬಂದರಿನ ಕಟ್ಟೆ. ಛತ್ರಿ ಎರಡು, ಗುಳಿಗೆ ಆರು, ನೀರು ನಾಲ್ಕು ಬಾಟಲಿ. ಕಸ್ತೂರಿ ನಸುಕಿನಲ್ಲೆದ್ದು ರೊಟ್ಟಿ ಬಡಿದಳು. ಶೇಂಗಾ ಚಟ್ನಿ, ಮೊಸರನ್ನ, ಹೋಳಿಗೆ ಎಲ್ಲವನ್ನೂ ನನ್ನೊಳಗೆ ಜೋಡಿಸಿದಳು. ಸರಿಯಾಗಿ ಏಳಕ್ಕೆ ಕಟ್ಟೆ ಮುಟ್ಟಿದೆವು. ಬೋಟು ಆಗಲೇ ಬಂದರು ದಾಟುತ್ತಿತ್ತು. ಡಾಕ್ಟರರು ನೋಡಿ ಬರೆದುಕೊಂಡ ವೇಳಾಪಟ್ಟಿ ಹೋದ ವರ್ಷದ್ದು.

"ಹೋಗ್ಲಿ ಬಿಡು, ಮುಂದಿನ ತಿಂಗಳು ಪಕ್ಕಾ," ಎಂದರು ಡಾಕ್ಟರರು. ಅವರ ದನಿಯಲ್ಲಿ ಬೇಸರವೇ ಇರಲಿಲ್ಲ. ನನಗೆ ಅದು ಸೋಜಿಗವೆನಿಸಿತು.

ಮುಂದಿನ ತಿಂಗಳು ಗಾಳಿ. ಅದರ ಮುಂದಿನ ತಿಂಗಳು ಪರೀಕ್ಷೆ. ಆಮೇಲೆ ಒಂದು ಸಂಜೆ ಡಾಕ್ಟರರು ನಕಾಶೆಯೊಂದನ್ನು ಬಿಡಿಸಿ ಅಡುಗೆಮನೆಗೆ ಬಂದರು. ಕಸ್ತೂರಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು.

"ಕಸ್ತೂರಿ, ಇಲ್ಲಿ ನೋಡಿಲ್ಲೆ. ಆ ಬೋಟು ಹೋಗೂ ಹಾದ್ಯಾಗ ಸಮುದ್ರದ ತಳದಾಗ ಜ್ವಾಲಾಮುಖಿ ಐತಿ."

"ಐತೇನು? ಐತಿ ಅಂದ್ರ ಇರ್ಲಿ."

"ಜೀವಂತ ಐತಿ."

"ಬೋಟು ಅದರ ಮ್ಯಾಲಿಂದ ಹೋಗ್ತೈತೇನ್ರಿ?"

"ಇಲ್ಲ, ಸುತ್ತು ಹಾಕ್ಕೊಂಡು ಹೋಗ್ತೈತಿ. ಆದ್ರೂ..."

"ಮಂದಿ ದಿನಾ ಹೋಗಿ ಬರ್ತಾರ್ರೀ! ಕುರಿ ಕೋಳಿ ಸೈತ ಹೋಗಿ ಬರ್ತಾವ!"

ಆ ಹೋಳಿಗೆಯನ್ನು ಮರುದಿನ ಮನೆಯಲ್ಲೇ ತಿಂದರು. ಕಸ್ತೂರಿ ತಟ್ಟೆಯನ್ನು ಗಂಡನ ಮುಂದೆ ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು. ನನ್ನನ್ನು ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಬೋರಲು ಹಾಕಿದಳು. ತುಂಬುವುದು, ಖಾಲಿ ಮಾಡುವುದು, ತೊಳೆಯುವುದು, ಬೋರಲು ಹಾಕುವುದು. ಹೀಗೆ ಎಂಟು ಸಲ ಆಯಿತು. ನನ್ನ ಒಂದು ಹಿಡಿಕೆ ಸಡಿಲವಾಯಿತು. ಸಮುದ್ರದ ಒಂದು ಹನಿ ನೀರು ಮಾತ್ರ ಮೈಗೆ ಸೋಕಲಿಲ್ಲ.

ಒಂಬತ್ತನೆಯ ಸಲ ಎಲ್ಲವೂ ಸರಿಯಿತ್ತು. ಗಾಳಿ ಇಲ್ಲ, ಪರೀಕ್ಷೆ ಇಲ್ಲ, ಬೋಟು ಕಟ್ಟೆಯಲ್ಲೇ ನಿಂತಿದೆ, ಟಿಕೆಟ್ಟು ಕೈಯಲ್ಲಿದೆ. ಕಸ್ತೂರಿ ಮುಂದೆ ಹೋದಳು. ಡಾಕ್ಟರರು ನನ್ನನ್ನು ಕಲ್ಲಿನ ಮೇಲೆ ಇಟ್ಟು, ಬೋಟಿಗೆ ಹಾಕಿದ ಹಲಗೆಯ ಮುಂದೆ ನಿಂತರು. ಮನುಷ್ಯರು ಒಬ್ಬರೊಬ್ಬರ ಮುಖ ನೋಡುತ್ತಾರೆ. ಬುಟ್ಟಿಗೆ ಕಾಣುವುದು ಕಾಲು. ಅವರ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿ, ಅದರ ಚರ್ಮವನ್ನು ಕಚ್ಚಿ ಹಿಡಿದಿದ್ದವು. ಹಲಗೆಯ ಕೆಳಗೆ ನೀರು ತಪ್ ತಪ್ ಎನ್ನುತ್ತಿತ್ತು. ಒಂದು ಕಾಲು ಹಲಗೆಯ ಮೇಲೆ ಹೋಯಿತು, ತಿರುಗಿ ಬಂತು.

"ಕಸ್ತೂರಿ, ಕಪಾಟಿನ ಕೀಲಿ ನನ್ನ ಹತ್ರನ ಉಳಿದೈತಿ. ಕಾಲೇಜಿನ್ಯಾಗ ಬೇಕಾಗತೈತಿ. ಇಳಿ."

"ಇವತ್ತು ಐತವಾರ ಐತ್ರೀ!"

"ಇಳಿ ಅಂದ್ನೆಲ್ಲ."

ಇಳಿದಳು.

ಅದಾಗಿ ಎರಡು ತಿಂಗಳಿಗೆ ಥೆಲ್ಮವ್ವನ ಫೋನು ಬಂತು. ಕಣ್ಣಿನ ಒತ್ತಡದ ರೋಗವಂತೆ. ಅಂಚಿನಿಂದ ಕತ್ತಲಾಗುತ್ತ ಬಂದು ಈಗ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತದಂತೆ. ಆ ಕೊಳವೆಯೂ ತಿಂಗಳು ತಿಂಗಳು ಸಣ್ಣದಾಗುತ್ತಿದೆ. ಹೋದದ್ದು ತಿರುಗಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. "ಬರುವುದಿದ್ದರೆ ಈಗ ಬಾ ಮಗಳೇ," ಎಂದಳು. "ಆಮೇಲೆ ಬಂದರೆ ನಿನ್ನ ದನಿ ಮಾತ್ರ ಕೇಳುತ್ತೇನೆ. ಅದನ್ನು ಫೋನಿನಲ್ಲೇ ಕೇಳಬಹುದು."

ಕಸ್ತೂರಿ ಫೋನು ಇಟ್ಟು ಗಂಡನಿಗೆ ಹೇಳಿದಳು. ಡಾಕ್ಟರರು ಕ್ಯಾಲೆಂಡರು ತೆಗೆದರು.

"ಫೆಬ್ರುವರಿ ಎರಡನೇ ವಾರ ಗಾಳಿ ಕಡಿಮಿ ಇರತೈತಿ. ಆವಾಗ..."

ಕಸ್ತೂರಿ ಆ ಕ್ಯಾಲೆಂಡರನ್ನು ಕಸಿದು ಒಗೆದಳು. ಅದು ನನ್ನ ಪಕ್ಕದಲ್ಲೇ ಬಿತ್ತು.

"ಫೆಬ್ರುವರಿ ತನಕ ಆ ಮುದುಕಿ ಕಣ್ಣು ನಿಮ್ಮ ಗಾಳಿ ಸಲುವಾಗಿ ಕಾಯ್ಕೋತ ಕುಂಡ್ರತಾವೇನ್ರಿ? ಆಕಿ ನನಗ ಹಡದಾಕಿಗಿಂತ ಹೆಚ್ಚು ಮಾಡ್ಯಾಳ. ಒಂದು ಊಟ ಮಾಡಾಕ ಕರದಾಳ, ಒಂದ ಊಟ! ನಿಮಗ ಮನಸಿಲ್ಲಂದ್ರ ಇಲ್ಲ ಅನ್ರಿ. ಈ ಪಟ್ಟಿ, ಈ ನಕಾಶಿ, ಈ ಕೀಲಿ, ಸಾಕಾಗಿ ಹೋಗೇತಿ ನನಗ!"

ಡಾಕ್ಟರರು ನೆಲದ ಮೇಲೆ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈರಪ್ಪಗ ಜ್ವರ ಬಂದಿರಲಿಲ್ಲ," ಎಂದರು.

ಈರಪ್ಪ ಅವರ ತಮ್ಮ. ಎಂಟು ವರ್ಷದವನಿದ್ದಾಗ ಜ್ವರದಿಂದ ತೀರಿಕೊಂಡ ಎಂದೇ ಕಸ್ತೂರಿಗೆ ಗೊತ್ತಿದ್ದದ್ದು. ಅವನ ಫೋಟೋ ಈ ಮನೆಯ ಗೋಡೆಯ ಮೇಲೂ ಇತ್ತು.

"ನಾ ಹನ್ನೊಂದು ವರ್ಷದಾಂವ. ಸೋದರಮಾವನ ಊರಿಗೆ ಹೊಂಟಿದ್ವಿ. ತುಂಗಭದ್ರಾ ದಾಟಬೇಕಾಗಿತ್ತು. ಹರಗೋಲಿನ್ಯಾಗ ಹದಿನಾಲ್ಕು ಮಂದಿ. ನಡು ಹೊಳ್ಯಾಗ ತಿರುಗ್ತು. ನಾ ಅವನ ಅಂಗಿ ಹಿಡದಿದ್ದೆ, ಕಸ್ತೂರಿ. ಗಟ್ಟಿ ಹಿಡದಿದ್ದೆ. ಅಂಗಿ ನನ್ನ ಕೈಯಾಗ ಉಳೀತು."

ಕಸ್ತೂರಿ ಬಾಗಿಲಿಗೆ ಒರಗಿ ನಿಂತಳು. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಮೊದಲಿಗಿಂತ ಹೆಚ್ಚು ಸಿಟ್ಟಾದಳು.

"ಹತ್ತೊಂಬತ್ತು ವರ್ಷ ಆತು ಲಗ್ನ ಆಗಿ. ಹತ್ತೊಂಬತ್ತು! ಗಾಳಿ ಅಂದ್ರಿ, ಅಲಿ ಅಂದ್ರಿ, ನೀರಿನ ತಳದಾಗ ಬೆಂಕಿ ಐತಿ ಅಂದ್ರಿ. ನನಗ ಅಂಜಿಕಿ ಬರತೈತಿ ಅಂತ ಒಂದ ಮಾತು ಅಂದಿದ್ರ ನಾ ಎಂದೋ ಒಬ್ಬಾಕಿನ ಹೋಗಿ ಬರ್ತಿದ್ನೆಲ್ರೀ!"

"ನಿನ್ನ ಒಬ್ಬಾಕಿನ್ನ ನೀರಿನ ಮ್ಯಾಲ ಹೆಂಗ ಕಳಸ್ಲಿ?" ಡಾಕ್ಟರರು ತಲೆ ಎತ್ತಲಿಲ್ಲ. "ಮತ್ತೊಮ್ಮೆ ಕೈ ಬಿಟ್ಟಂಗ ಆಗತೈತಿ."

ಕಸ್ತೂರಿ ಅವರ ಎದುರಿಗೆ ಕೂತು ಅವರ ಕೈ ಹಿಡಿದಳು. ಆಮೇಲೆ ಎದ್ದು ಬೇಳೆ ಬೇಯಲು ಇಟ್ಟಳು. "ನಾಳೆ ನಾ ಹೋಗ್ತೀನ್ರಿ," ಎಂದಳು. "ನೀವು ಬರಬ್ಯಾಡ್ರಿ. ಸಂಜಿ ಬೋಟಿಗೆ ಬಂದಬಿಡ್ತೀನಿ." ಥೆಲ್ಮವ್ವನಿಗೂ ಫೋನು ಮಾಡಿ ತಿಳಿಸಿದಳು.

ಹಾಗೆ ಪಟ್ಟಿಯಿಲ್ಲದೆ, ಛತ್ರಿಯಿಲ್ಲದೆ ನಾವಿಬ್ಬರೇ ಹೊರಟೆವು. ಆ ಪ್ರಯಾಣದ ಬಗ್ಗೆ ಹೆಚ್ಚು ಕೇಳಬೇಡಿ. ಗ್ರೆನಡಾದ ಉತ್ತರ ತುದಿ ದಾಟುತ್ತಲೇ ಬೋಟು ಕುಣಿಯಹತ್ತಿತು. ಸೀಟಿನ ಕೆಳಗೆ ನಾನು ಆ ಕಡೆಯಿಂದ ಈ ಕಡೆಗೆ ಜಾರಿದೆ. ಪಕ್ಕದ ಸಾಲಿನ ದಪ್ಪ ಗಂಡಸು ವಾಂತಿ ಮಾಡಿಕೊಂಡ. ಅದರಲ್ಲಿ ನನಗೂ ಪಾಲು ಬಂತು. ಮೂರು ವರ್ಷ ಈ ಸುಖಕ್ಕಾಗಿಯೇ ಕಾದೆನೇ ಎಂದು ನನ್ನನ್ನೇ ಬೈದುಕೊಂಡೆ. ಕಸ್ತೂರಿ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಅವಳಿಗೆ ಏನೂ ಆಗಲಿಲ್ಲ.

ಥೆಲ್ಮವ್ವ ಕಟ್ಟೆಯ ಮೇಲೆ ದೊಡ್ಡ ಹುಲ್ಲಿನ ಟೊಪ್ಪಿಗೆ ಹಾಕಿ, ಕೋಲು ಹಿಡಿದು ನಿಂತಿದ್ದಳು. ಅಪ್ಪಿಕೊಳ್ಳುವ ಮೊದಲು ಬೈದಳು. "ಮೂರು ವರ್ಷ! ನಮ್ಮೂರಲ್ಲಿ ಮರ ಕಡಿದು, ಕೊಯ್ದು, ಇಡೀ ದೋಣಿ ಕಟ್ಟಿ ನೀರಿಗಿಳಿಸುತ್ತಾರೆ, ಅಷ್ಟು ಹೊತ್ತಿನಲ್ಲಿ." ಆಮೇಲೆ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಕಸ್ತೂರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಒಟ್ಟಿಗೆ ಇಡೀ ಮುಖ ಕಾಣುತ್ತಿರಲಿಲ್ಲ. ಮೊದಲು ಹಣೆ ನೋಡಿದಳು, ಆಮೇಲೆ ಒಂದು ಕಣ್ಣು, ಇನ್ನೊಂದು ಕಣ್ಣು, ಮೂಗು, ಬಾಯಿ. ನಿಧಾನವಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ. "ದಪ್ಪಗಾಗಿದ್ದೀಯ," ಎಂದಳು. "ಒಳ್ಳೆಯದಾಯಿತು."

ಅವಳ ಮನೆ ಹಲಗೆಯದು, ಎರಡು ಕೋಣೆ. ಹಿತ್ತಲಿನಲ್ಲಿ ಗಿಡ ತುಂಬ ಹಸಿ ತೊಗರಿಕಾಯಿ! ಅದನ್ನು ನೋಡಿ ಕಸ್ತೂರಿ ಕುಣಿದಾಡಿದಳು. ಇಬ್ಬರೂ ಕಾಯಿ ಸುಲಿದು, ತೆಂಗಿನ ಹಾಲು ಹಾಕಿ ಬೇಯಿಸಿ, ರೊಟ್ಟಿಯ ಜೊತೆ ತಿಂದರು. ಥೆಲ್ಮವ್ವ ನಾಲ್ಕು ಹೋಳಿಗೆ ತಿಂದಳು. ಊಟವಾದ ಮೇಲೆ ಕಸ್ತೂರಿ, ಕಳೆದುಕೊಂಡ ಕೂಸಿಗೆ ತಾನು ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನು ಅವಳಿಗೆ ಹೇಳಿದಳು. ಗಂಡನಿಗೂ ಹೇಳಿರದ ಹೆಸರು. ಹತ್ತೊಂಬತ್ತು ವರ್ಷವೆಂದು ಕೂಗಾಡಿದವಳೂ ಒಂದನ್ನು ಮುಚ್ಚಿಟ್ಟುಕೊಂಡಿದ್ದಳು ನೋಡಿ. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ.

ಸಂಜೆ ಬೋಟು ಹೊರಡಲಿಲ್ಲ. ಎಂಜಿನು ಕೆಟ್ಟಿದೆ, ನಾಳೆ ನೋಡೋಣ ಎಂದರು. ಕಸ್ತೂರಿಯ ಮೊಬೈಲಿನಲ್ಲಿ ಚಾರ್ಜಿಲ್ಲ. ಥೆಲ್ಮವ್ವನ ಫೋನಿಗೆ ಆ ಮಧ್ಯಾಹ್ನದಿಂದ ಜೀವವಿಲ್ಲ. ಅಂಗಡಿಯವನ ಫೋನಿನಿಂದ ಮನೆಗೆ ಮಾಡಿದರೆ ಎತ್ತುವವರಿಲ್ಲ. ಎತ್ತುವುದಾದರೂ ಹೇಗೆ? ಡಾಕ್ಟರರು ಮಧ್ಯಾಹ್ನ ಎರಡಕ್ಕೇ ಹೋಗಿ ಗ್ರೆನಡಾದ ಬಂದರಿನ ಕಟ್ಟೆಯಲ್ಲಿ ನಿಂತಿದ್ದರಂತೆ, ಮೊಬೈಲನ್ನು ಮೇಜಿನ ಮೇಲೆ ಮರೆತು. ಬೋಟು ಬರುವ ಹೊತ್ತಾಯಿತು, ಬೋಟು ಬರಲಿಲ್ಲ. ಏನಾಯಿತೆಂದು ಹೇಳುವವರೂ ಅಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಕಸ್ತೂರಿ ಅಂಗಳದಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ಕಾಳು ನನ್ನೊಳಗೆ ಬೀಳುತ್ತಿತ್ತು. ಬೇಲಿಯ ಬಾಗಿಲಿನಲ್ಲಿ ಒಬ್ಬರು ಬಂದು ನಿಂತರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಅಂಗಿಯ ತುಂಬ ಸಿಮೆಂಟು, ವಾಂತಿ, ಉಪ್ಪುನೀರು. ಕಸ್ತೂರಿ ಎದ್ದಳು, ಮಡಿಲಿನ ಸಿಪ್ಪೆಯೆಲ್ಲ ನನ್ನ ಮೇಲೆ ಸುರಿಯಿತು.

"ರೀ! ನೀವು ಹೆಂಗ ಬಂದ್ರಿ?"

"ಸಿಮೆಂಟು, ಉಳ್ಳಾಗಡ್ಡಿ ಹೇರಿದ್ದ ದೋಣಿ ನಿಂತಿತ್ತು," ಎಂದರು ಡಾಕ್ಟರರು. "ಹತ್ತಿಬಿಟ್ಟೆ."

"ಕಟ್ಟಿಗಿ ದೋಣ್ಯಾಗ?"

"ಬೋಟು ಬರಲಿಲ್ಲಲ್ಲ, ಕಸ್ತೂರಿ." ಅಷ್ಟು ಹೇಳಿ ಅಂಗಳದಲ್ಲೇ ಕುಸಿದು ಕೂತರು. "ನೀ ಬರಲಿಲ್ಲಲ್ಲ."

ಕಸ್ತೂರಿ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದಳು. ಅವರ ಮುಖ ತೊಳೆದಳು, ಕೊರಳು ತೊಳೆದಳು, ತೊಳೆಯುತ್ತಲೇ ಬೈದಳು. ಮೊಬೈಲು ಮರೆತದ್ದಕ್ಕೆ, ಚಪ್ಪಲಿ ಕಳೆದದ್ದಕ್ಕೆ, ಊಟ ಬಿಟ್ಟದ್ದಕ್ಕೆ. ಬೈಯುತ್ತ ಬೈಯುತ್ತ ಅವರ ಒದ್ದೆ ತಲೆಯ ಮೇಲೆ ತನ್ನ ಗಲ್ಲ ಇಟ್ಟಳು. ಥೆಲ್ಮವ್ವ ಕೋಲೂರಿ ಹೊರಗೆ ಬಂದು, ಬಗ್ಗಿ ಅವರ ಮುಖವನ್ನೂ ತುಂಡು ತುಂಡಾಗಿ ನೋಡಿದಳು. "ಹಡಗಿನ ಯೋಜನೆ ಹಾಕುವವನು ಇವನೇ ತಾನೇ?" ಎಂದು ಬಿದ್ದು ಬಿದ್ದು ನಕ್ಕಳು. ಆ ಸಂಜೆ ಕಸ್ತೂರಿ ಗಂಡನನ್ನು ತೊಗರಿ ಗಿಡಗಳ ಆಚೆಗೆ ಕರೆದುಕೊಂಡು ಹೋಗಿ ಏನನ್ನೋ ಹೇಳಿದಳು. ತಿರುಗಿ ಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವು.

ಬೆಳಿಗ್ಗೆ ಹೋಗಿ ಸಂಜೆ ಬರಬೇಕಾದ ಪ್ರಯಾಣ ಆರು ದಿನ ಹಿಡಿಯಿತು. ಬೋಟು ದುರಸ್ತಿಯಾದರೂ ಡಾಕ್ಟರರು ಹತ್ತಲು ಒಪ್ಪಲಿಲ್ಲ. ನಾಳೆ, ನಾಡಿದ್ದು ಎಂದರು. ಕೊನೆಗೆ ಹೆಂಡತಿಯ ಭುಜಕ್ಕೆ ಮುಖ ಒತ್ತಿ, ಕಣ್ಣು ಮುಚ್ಚಿಕೊಂಡು ಹೋದರು ಎಂದು ಕಟ್ಟೆಯವರೆಗೆ ಹೋಗಿ ಬಂದವರು ಹೇಳಿದರು. ನಾನು ಹೋಗಲಿಲ್ಲ. ಕಸ್ತೂರಿ ನನ್ನನ್ನು ಥೆಲ್ಮವ್ವನಿಗೆ ಕೊಟ್ಟುಹೋದಳು. ನನ್ನನ್ನು ಯಾರೂ ಕೇಳಲಿಲ್ಲ ಎಂಬುದು ಬೇರೆ ಮಾತು.

ಇಲ್ಲಿಗೆ ಬಂದು ಈಗ ಒಂಬತ್ತು ವರ್ಷ. ಮೊದಲು ಸಂತೆಗೆ ಹೋಗುತ್ತಿದ್ದೆ. ನಿಂಬೆ, ಮೀನು, ಸೀಮೆಎಣ್ಣೆ ಬಾಟಲಿ ಎಲ್ಲ ಹೊತ್ತೆ. ಒಂದು ಹಿಡಿಕೆ ಪೂರ್ತಿ ಹರಿಯಿತು. ಉಪ್ಪುಗಾಳಿಗೆ ವಾಯರು ಸೀಳುಬಿಟ್ಟಿದೆ. ಈಗ ಬಾಗಿಲ ಪಕ್ಕದ ಮೂಲೆಯಲ್ಲಿದ್ದೇನೆ, ಹುಲ್ಲು ಹಾಸಿಕೊಂಡು. ಒಂದು ಕೆಂಪು ಹೇಂಟೆ ನನ್ನೊಳಗೆ ಕಾವು ಕೂರುತ್ತದೆ. ಅದರ ಗತ್ತು ಹೇಳತೀರದು.

ಕಸ್ತೂರಿ, ಡಾಕ್ಟರರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಡಾಕ್ಟರರು ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡೇ ಸಮುದ್ರ ದಾಟುತ್ತಿದ್ದರು. ಹೋದ ವರ್ಷ ಥೆಲ್ಮವ್ವನ ಕೊಳವೆ ಪೂರ್ತಿ ಮುಚ್ಚಿತು. ಆ ಸಲ ಅವರು ಬಂದಾಗ ಅವಳು ಕೇಳಿದಳು: "ಡಾಕ್ಟರ್, ನನ್ನ ಸಮುದ್ರ ಇವತ್ತು ಹೇಗಿದೆ?" ಅವರು ನೋಡಿದ್ದರೆ ತಾನೇ ಹೇಳುವುದು? ಥೆಲ್ಮವ್ವ ಸಿಡಿಮಿಡಿಗೊಂಡಳು. "ದೇವರು ಕಣ್ಣು ಯಾರಿಗೆ ಕೊಡುತ್ತಾನೋ ನೋಡು," ಎಂದು ಒಳಗೆ ಹೋದಳು.

ಮೊನ್ನೆ ಮತ್ತೆ ಬಂದರು. ಡಾಕ್ಟರರು ಮೆಟ್ಟಿಲ ಮೇಲೆ ಕೂತು, ಅವಳು ಕೇಳುವ ಮೊದಲೇ ಶುರುಮಾಡಿದರು. ಮುಖ ಇನ್ನೂ ಬಿಳಿಚಿತ್ತು. ಬಂದರು ಬಿಡುವಾಗ ನೀರು ನೀಲಿ ಇತ್ತು ಎಂದರು. ಉತ್ತರದ ತುದಿಯಲ್ಲಿ ಅಲೆಗಳು ಕಪ್ಪಗೆ, ಮನೆಯಷ್ಟು ಎತ್ತರ. ಹಾರುವ ಮೀನು ಬೋಟಿನ ಮುಂದೆ ಹಾರಿದವು, ಎಷ್ಟೆಂದು ಎಣಿಸಲಾಗಲಿಲ್ಲ. ಆಮೇಲೆ ನಿಮ್ಮ ದ್ವೀಪ ಬಂತು, ಅಲ್ಲಿ ನೀರು ಬೂದಿ ಬಣ್ಣ ಇತ್ತು.

"ಬೂದಿಯಲ್ಲ, ಹಸಿರು," ಎಂದಳು ಥೆಲ್ಮವ್ವ. "ಬಂಡೆ ದಾಟಿದ ಮೇಲೆ ಅಲ್ಲಿ ನೀರು ಯಾವಾಗಲೂ ಹಸಿರು. ಮುಂದಿನ ಸಲ ಸರಿಯಾಗಿ ನೋಡಿಕೊಂಡು ಬಾ."

"ಆಯ್ತು," ಎಂದರು ಡಾಕ್ಟರರು.

ಥೆಲ್ಮವ್ವ ಅವರ ಪಕ್ಕದಲ್ಲಿ ಕೂತು, "ಇನ್ನೊಮ್ಮೆ ಮೊದಲಿನಿಂದ ಹೇಳು," ಎಂದಳು. ಅವರು ಮೊದಲಿನಿಂದ ಹೇಳಿದರು. ಒಳಗೆ ಕಸ್ತೂರಿ ಊಟ ಆರಿಹೋಗುತ್ತದೆ ಎಂದು ಕೂಗುತ್ತಿದ್ದಳು, ಇಬ್ಬರೂ ಏಳಲಿಲ್ಲ. ಹೇಂಟೆ ನನ್ನೊಳಗೆ ರೆಕ್ಕೆ ಸರಿಪಡಿಸಿಕೊಂಡು ಕೂತಿತು. ಸಮುದ್ರ ದಾಟಿ ಬಂದವನಾದರೂ ನಾನು ಸೀಟಿನ ಕೆಳಗೆ ಕೂತು ಬಂದವನು. ನೀಲಿ, ಕಪ್ಪು, ಹಸಿರು ಯಾವುದನ್ನೂ ಕಂಡವನಲ್ಲ. ಹೇಂಟೆಯ ಸದ್ದು ನಿಂತ ಮೇಲೆ ನಾನೂ ಕಿವಿಗೊಟ್ಟು ಕೇಳಿದೆ.